ಮುಕ್ತ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ದಾಯಾದಿ ಮತ್ಸರ: ಬಿಎಸ್‌ಡಿ–ಲಿನಕ್ಸ್ ವಾದದ ಒಂದು ವಿವೇಚನೆ

೧. ಪ್ರಸ್ತಾವನೆ

ಗಣಕಯಂತ್ರದ ನಾನಾ ಅಂಗಗಳನ್ನು ಒಂದು ಶಿಸ್ತಿಗೆ ಒಳಪಡಿಸಿ, ಅದರ ಮೇಲೆ ಏಕಕಾಲದಲ್ಲಿ ನಡೆಯುವ ಬೇರೆ ಬೇರೆ ಕೆಲಸಗಳಿಗೆ ಕಾಲವನ್ನೂ ಮೆಮೊರಿಯನ್ನೂ ಹಂಚಿಕೊಡುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಅಥವಾ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಮನೆಯ ಅಡಿಪಾಯವು ಅಲ್ಲಿ ವಾಸಿಸುವವರ ಗಮನಕ್ಕೆ ಬಾರದಿರುವಂತೆ ಇದೂ ಬಳಸುವವರ ಗಮನಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಇಂತಹ ವ್ಯವಸ್ಥೆಗಳಲ್ಲಿ ಕೆಲವು ಮಾರಾಟದ ಸರಕುಗಳು. ಮತ್ತೆ ಕೆಲವನ್ನು ಅವುಗಳ ಕರ್ತೃಗಳು ಸೋರ್ಸ್ ಕೋಡಿನ ಸಮೇತ ಲೋಕಕ್ಕೆ ಬಿಟ್ಟುಕೊಟ್ಟಿದ್ದಾರೆ. ಸೋರ್ಸ್ ಕೋಡ್ ಎಂದರೆ ಮನುಷ್ಯರು ಓದಿ ತಿದ್ದಬಹುದಾದ ರೂಪದಲ್ಲಿರುವ ತಂತ್ರಾಂಶದ ಮೂಲಪಾಠ. ಇದನ್ನು ಪಡೆದು, ಓದಿ, ತಿದ್ದಿ, ಹಂಚುವ ಅಧಿಕಾರ ಎಲ್ಲರಿಗೂ ಇರುವ ವ್ಯವಸ್ಥೆಗಳನ್ನು ಈ ಲೇಖನದಲ್ಲಿ ಮುಕ್ತ ವ್ಯವಸ್ಥೆಗಳೆಂದು ಕರೆದಿದೆ.

ವ್ಯಾಪಾರಿಗಳ ನಡುವೆ ಸ್ಪರ್ಧೆಯಿರುವುದು ಸಹಜ. ಆದರೆ ಬೆಲೆಯಿಲ್ಲದೆ ಕೊಡುವ ವಸ್ತುಗಳ ವಿಷಯದಲ್ಲಿಯೂ ಅವುಗಳ ಅಭಿಮಾನಿಗಳು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪರಸ್ಪರ ಖಂಡನ–ಮಂಡನಗಳಲ್ಲಿ ತೊಡಗಿರುವುದು ನೋಡುವವರಿಗೆ ವಿಚಿತ್ರವಾಗಿ ತೋರುವುದು. ಬಿಎಸ್‌ಡಿ ಪಕ್ಷದವರ ಲಾಂಛನ ತ್ರಿಶೂಲ ಹಿಡಿದ ಒಂದು ಕೆಂಪು ಮರಿಭೂತ. ಲಿನಕ್ಸ್ ಪಕ್ಷದವರದು ಪೆಂಗ್ವಿನ್ ಪಕ್ಷಿ. ‘ಬಿಎಸ್‌ಡಿ ಸಾಯುತ್ತಿದೆ’ ಎಂಬುದು ಒಂದು ಕಡೆಯ ಹಳೆಯ ಮೂದಲಿಕೆ. ‘ಲಿನಕ್ಸ್ ಎಂಬುದು ತೇಪೆ ಹಾಕಿದ ಕೌದಿ’ ಎಂಬರ್ಥದ ಮಾತು ಇನ್ನೊಂದು ಕಡೆಯ ಉತ್ತರ. ಇಷ್ಟನ್ನೇ ನೋಡಿದವರು ಇದನ್ನು ಬಾಲಿಶವಾದ ಜಗಳವೆಂದು ತಳ್ಳಿಹಾಕಿಯಾರು. ಆದರೆ ಈ ವಾದದ ತಳದಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ: ತನ್ನ ಶ್ರಮದ ಫಲವನ್ನು ಲೋಕಕ್ಕೆ ದಾನವಾಗಿ ಕೊಟ್ಟವನಿಗೆ, ಅದನ್ನು ಪಡೆದವನು ಏನನ್ನಾದರೂ ಸಲ್ಲಿಸಬೇಕೆ? ಸಲ್ಲಿಸಬೇಕಾದರೆ ಏನನ್ನು? ಈ ಪ್ರಶ್ನೆಗೆ ಎರಡು ಪಕ್ಷಗಳು ಕೊಟ್ಟ ಉತ್ತರಗಳನ್ನೂ ಆ ಉತ್ತರಗಳಿಂದ ಒದಗಿದ ಫಲಗಳನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ವಂಶಮೂಲ

ಉಭಯ ಪಕ್ಷಗಳಿಗೂ ಮೂಲ ಒಂದೇ; ಅದು ಯೂನಿಕ್ಸ್. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಇದರ ರಚನೆಯನ್ನು ಆರಂಭಿಸಿದರು. ಪ್ರಯೋಗಾಲಯವನ್ನು ನಡೆಸುತ್ತಿದ್ದ ಎಟಿ ಅಂಡ್ ಟಿ ಸಂಸ್ಥೆಯು ದೂರವಾಣಿ ಕ್ಷೇತ್ರದಲ್ಲಿ ಏಕಸ್ವಾಮ್ಯವನ್ನು ಪಡೆದಿದ್ದುದರಿಂದ, ೧೯೫೬ರ ಒಂದು ನ್ಯಾಯಾಲಯದ ಒಪ್ಪಂದಕ್ಕೆ ಕಟ್ಟುಬಿದ್ದು, ಗಣಕಗಳ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದಕಾರಣ ಯೂನಿಕ್ಸನ್ನು ಅಲ್ಪ ಶುಲ್ಕಕ್ಕೆ, ಸೋರ್ಸ್ ಕೋಡಿನೊಡನೆ, ವಿಶ್ವವಿದ್ಯಾನಿಲಯಗಳಿಗೆ ಒದಗಿಸಲಾಯಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಅದನ್ನು ಗ್ರಂಥದಂತೆ ಓದಿದರು, ತಿದ್ದಿದರು, ತಿದ್ದಿದುದನ್ನು ಪರಸ್ಪರ ಹಂಚಿಕೊಂಡರು.

ಹೀಗೆ ತಿದ್ದಿದವರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯವರು ಅಗ್ರಗಣ್ಯರು. ೧೯೭೮ರಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿಯು ಸಿದ್ಧಪಡಿಸಿದ ಮೊದಲ ಸಂಕಲನಕ್ಕೆ ‘ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂದು ಹೆಸರಾಯಿತು. ಬಿಎಸ್‌ಡಿ ಎಂಬುದು ಇದರ ಸಂಕ್ಷೇಪ. ೧೯೮೩ರ ಆವೃತ್ತಿಯಲ್ಲಿ, ಇಂದಿನ ಇಂಟರ್‌ನೆಟ್ಟಿಗೆ ಆಧಾರವಾದ ಟಿಸಿಪಿ/ಐಪಿ ನಿಯಮಗಳು ಅಳವಟ್ಟಿದ್ದುವು.

ಅದೇ ೧೯೮೩ರಲ್ಲಿ ಅಮೆರಿಕದ ಪೂರ್ವತೀರದಲ್ಲಿ, ಎಂಐಟಿಯ ರಿಚರ್ಡ್ ಸ್ಟಾಲ್ಮನ್ ಅವರು ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ಯೂನಿಕ್ಸಿನಂತೆಯೇ ವರ್ತಿಸುವ, ಆದರೆ ಅದರ ಒಂದು ಪಂಕ್ತಿಯನ್ನೂ ಎರವಲು ಪಡೆಯದ, ಸಂಪೂರ್ಣವಾಗಿ ಮುಕ್ತವಾದ ವ್ಯವಸ್ಥೆಯೊಂದನ್ನು ಮೊದಲಿನಿಂದ ಕಟ್ಟುವುದು ಅದರ ಗುರಿ. ೧೯೯೦ರ ಹೊತ್ತಿಗೆ ಅದರ ಬಹುಭಾಗ ಸಿದ್ಧವಾಗಿದ್ದರೂ ಕರ್ನೆಲ್ ಎಂಬ ತಿರುಳು ಸಿದ್ಧವಾಗಿರಲಿಲ್ಲ.

೩. ವ್ಯಾಜ್ಯ ಮತ್ತು ಅದರ ಫಲ

೧೯೮೪ರಲ್ಲಿ ಎಟಿ ಅಂಡ್ ಟಿ ಸಂಸ್ಥೆಯು ವಿಭಜನೆಗೊಂಡು, ವ್ಯಾಪಾರದ ನಿರ್ಬಂಧ ಕಳಚಿತು. ಯೂನಿಕ್ಸಿನ ಪರವಾನಗಿಯ ಬೆಲೆ ಏರತೊಡಗಿತು. ಇದರಿಂದ ಬರ್ಕ್ಲಿಯವರು ತಮ್ಮ ಕೃತಿಯಿಂದ ಹಳೆಯ ಯೂನಿಕ್ಸ್ ಪಾಠವನ್ನು ಒಂದೊಂದಾಗಿ ತೆಗೆದು, ಹೊಸದಾಗಿ ಬರೆದು, ೧೯೯೧ರಲ್ಲಿ ‘ನೆಟ್/೨’ ಎಂಬ ಸಂಕಲನವನ್ನು ಎಲ್ಲರಿಗೂ ಬಿಟ್ಟರು. ಕರ್ನೆಲ್ಲಿಗೆ ಸಂಬಂಧಿಸಿದ ಆರು ಕಡತಗಳು ಮಾತ್ರ ಅದರಲ್ಲಿ ಕೊರತೆಯಾಗಿದ್ದುವು. ಈ ಕೊರತೆಯನ್ನು ವಿಲಿಯಂ ಮತ್ತು ಲಿನ್ ಜೋಲಿಟ್ಸ್ ದಂಪತಿಗಳು ತುಂಬಿ, ಸಾಮಾನ್ಯ ಜನರ ಗಣಕದಲ್ಲಿ ನಡೆಯುವ ‘೩೮೬ಬಿಎಸ್‌ಡಿ’ಯನ್ನು ೧೯೯೨ರಲ್ಲಿ ಹೊರತಂದರು.

ಅದೇ ವರ್ಷ, ಎಟಿ ಅಂಡ್ ಟಿಯ ಅಂಗಸಂಸ್ಥೆಯಾದ ಯುಎಸ್‌ಎಲ್, ಬಿಎಸ್‌ಡಿಯನ್ನು ಮಾರುತ್ತಿದ್ದ ಒಂದು ಕಂಪನಿಯ ಮೇಲೆ ದಾವೆ ಹೂಡಿತು; ವಿಶ್ವವಿದ್ಯಾನಿಲಯವೂ ಪ್ರತಿವಾದಿಯಾಯಿತು. ವಿಶ್ವವಿದ್ಯಾನಿಲಯವು ಪ್ರತಿದಾವೆ ಹೂಡಿ, ಎಟಿ ಅಂಡ್ ಟಿಯವರು ತಮ್ಮ ಯೂನಿಕ್ಸಿನಲ್ಲಿ ಬರ್ಕ್ಲಿಯ ಕೃತಿಯನ್ನು ಬಳಸಿಕೊಂಡು ಅದರ ಹೆಸರನ್ನು ಹೇಳಿಲ್ಲವೆಂದು ಆಕ್ಷೇಪಿಸಿತು. ೧೯೯೪ರಲ್ಲಿ ರಾಜಿಯಾಯಿತು. ಹದಿನೆಂಟು ಸಾವಿರ ಕಡತಗಳಲ್ಲಿ ತೆಗೆಯಬೇಕಾಗಿ ಬಂದುದು ಮೂರು ಮಾತ್ರ. ಸುಮಾರು ಎಪ್ಪತ್ತು ಕಡತಗಳಿಗೆ ಯುಎಸ್‌ಎಲ್‌ನ ಹಕ್ಕಿನ ಸೂಚನೆಯನ್ನು ಸೇರಿಸಬೇಕಾಯಿತು. ವ್ಯಾಜ್ಯದ ವಸ್ತು ಇಷ್ಟು ಸಣ್ಣದಾಗಿದ್ದರೂ ಅದು ನುಂಗಿದ ಕಾಲ ಎರಡು ವರ್ಷ. ಆ ಎರಡು ವರ್ಷಗಳು ಅಮೂಲ್ಯವಾಗಿದ್ದುವು.

ಏಕೆಂದರೆ ೧೯೯೧ರ ಆಗಸ್ಟಿನಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕರ್ನೆಲ್ ಬರೆಯುತ್ತಿರುವುದಾಗಿ ಪ್ರಕಟಿಸಿದ್ದನು. ಬಿಎಸ್‌ಡಿಯ ಮೇಲೆ ನ್ಯಾಯಾಲಯದ ನೆರಳು ಬಿದ್ದಿದ್ದಾಗ, ಯಾವ ವ್ಯಾಜ್ಯವೂ ಇಲ್ಲದ ಈ ಲಿನಕ್ಸ್ ಕರ್ನೆಲ್ಲೂ ಸಿದ್ಧವಾಗಿ ಕಾದಿದ್ದ ಗ್ನೂ ಉಪಕರಣಗಳೂ ಕೂಡಿ ಒಂದು ಪೂರ್ಣ ವ್ಯವಸ್ಥೆಯಾದುವು. ೩೮೬ಬಿಎಸ್‌ಡಿ ಮೊದಲೇ ಕೈಗೆ ಸಿಕ್ಕಿದ್ದರೆ ಲಿನಕ್ಸ್ ಹುಟ್ಟುತ್ತಿರಲಿಲ್ಲವೇನೋ ಎಂದು ಟೊರ್ವಾಲ್ಡ್ಸ್ ಅವರೇ ಮುಂದೆ ಒಂದು ಸಂದರ್ಶನದಲ್ಲಿ ಹೇಳಿದರು. ನಾವು ಮೊದಲು ಬಂದವರು, ನಮ್ಮ ಮನೆ ವ್ಯಾಜ್ಯದಲ್ಲಿದ್ದಾಗ ಪಕ್ಕದವನು ಏಳಿಗೆ ಹೊಂದಿದನು ಎಂಬ ವ್ಯಥೆ ಬಿಎಸ್‌ಡಿ ಅಭಿಮಾನಿಗಳ ಮನಸ್ಸಿನಲ್ಲಿ ಇಂದಿಗೂ ಇದೆ. ಪಿತ್ರಾರ್ಜಿತದ ಪಾಲಿನಲ್ಲಿ ಹುಟ್ಟುವ ದಾಯಾದಿ ಮತ್ಸರವನ್ನು ಬಲ್ಲ ನಮಗೆ ಈ ಭಾವ ಅಪರಿಚಿತವೇನಲ್ಲ.

೪. ದಾನದ ಎರಡು ವಿಧಿಗಳು

ಇತಿಹಾಸದ ವ್ಯಥೆಯೊಂದೇ ಇದ್ದಿದ್ದರೆ ಕಾಲಕ್ರಮದಲ್ಲಿ ಅದು ಆರಿಹೋಗುತ್ತಿತ್ತು. ಕಲಹವು ಬಾಳಿದುದು ತತ್ತ್ವಭೇದದಿಂದ. ಆ ಭೇದವು ನೆಲಸಿರುವುದು ಪರವಾನಗಿಗಳಲ್ಲಿ.

ಬಿಎಸ್‌ಡಿ ಪರವಾನಗಿ ಕೆಲವೇ ವಾಕ್ಯಗಳದು. ಈ ಕೃತಿಯನ್ನು ಏನು ಬೇಕಾದರೂ ಮಾಡಿಕೊಳ್ಳಿ. ಕರ್ತೃವಿನ ಹೆಸರನ್ನೂ ಈ ಷರತ್ತುಗಳನ್ನೂ ಅಳಿಸಬೇಡಿ. ಕೆಟ್ಟರೆ ನಮ್ಮನ್ನು ಹೊಣೆ ಮಾಡಬೇಡಿ. ಇದಿಷ್ಟೇ ಅದರ ಸಾರ. ಪಡೆದವನು ಅದನ್ನು ತಿದ್ದಿ, ತಿದ್ದಿದ ಪಾಠವನ್ನು ಗುಟ್ಟಾಗಿಟ್ಟು ಮಾರಿದರೂ ಆಕ್ಷೇಪವಿಲ್ಲ. ಇದಕ್ಕೆ ಎದುರಾಗಿ, ಸ್ಟಾಲ್ಮನ್ ಅವರು ೧೯೮೯ರಲ್ಲಿ ಪ್ರಕಟಿಸಿದ ಜಿಪಿಎಲ್ ಪರವಾನಗಿಯು ಒಂದು ಪ್ರತಿಬಂಧವನ್ನು ಒಡ್ಡುತ್ತದೆ. ಪಡೆದವನು ತನ್ನಷ್ಟಕ್ಕೆ ಹೇಗೆ ಬೇಕಾದರೂ ಬಳಸಿಕೊಳ್ಳಬಹುದು. ಆದರೆ ಮೂಲವನ್ನಾಗಲಿ ತಿದ್ದಿದ ರೂಪವನ್ನಾಗಲಿ ಇತರರಿಗೆ ಹಂಚಿದರೆ, ಸೋರ್ಸ್ ಕೋಡಿನೊಡನೆ, ಅದೇ ಷರತ್ತುಗಳ ಮೇಲೆ ಹಂಚಬೇಕು. ಟೊರ್ವಾಲ್ಡ್ಸ್ ಅವರು ೧೯೯೨ರಲ್ಲಿ ಲಿನಕ್ಸನ್ನು ಈ ಪರವಾನಗಿಗೆ ಒಳಪಡಿಸಿದರು.

ಎರಡೂ ಪಕ್ಷಗಳು ತಮ್ಮದನ್ನೇ ಸ್ವಾತಂತ್ರ್ಯವೆಂದು ಕರೆಯುತ್ತವೆ. ಬಿಎಸ್‌ಡಿಯವರ ದೃಷ್ಟಿಯಲ್ಲಿ ಷರತ್ತು ಹೆಚ್ಚಿದಷ್ಟೂ ಸ್ವಾತಂತ್ರ್ಯ ಕಡಿಮೆ. ಹಿಂದಕ್ಕೆ ಬರಲೆಂದು ಕಾಯುವ ದಾನವು ದಾನವೇ ಅಲ್ಲ. ಜಿಪಿಎಲ್ ಪಕ್ಷದವರು ಮೊದಲು ಪಡೆದವನ ಸ್ವಾತಂತ್ರ್ಯದ ಜೊತೆಗೆ, ಅವನಿಂದ ಪಡೆಯುವ ಮೂರನೆಯವನ, ನಾಲ್ಕನೆಯವನ ಸ್ವಾತಂತ್ರ್ಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಊರಿನ ಕೆರೆಯಿಂದ ಯಾರು ಬೇಕಾದರೂ ನೀರು ಒಯ್ಯಬಹುದು ಎನ್ನುವುದು ಒಂದು ಕಟ್ಟಳೆ; ಒಯ್ದ ನೀರಿಗೆ ಬೇಲಿ ಹಾಕಿ ಮುಂದಿನವರನ್ನು ತಡೆಯಬಾರದು ಎನ್ನುವುದು ಇನ್ನೊಂದು. ಬಿಎಸ್‌ಡಿಯವರು ಈ ಉಪಮೆಯನ್ನು ಒಪ್ಪರು: ತಂತ್ರಾಂಶದ ಪ್ರತಿಯನ್ನು ಒಬ್ಬನು ಒಯ್ದ ಮಾತ್ರಕ್ಕೆ ಕೆರೆಯ ನೀರು ತಗ್ಗುವುದಿಲ್ಲ, ಮೂಲವು ಮೊದಲಿದ್ದಂತೆಯೇ ಎಲ್ಲರಿಗೂ ದೊರೆಯುತ್ತಿರುತ್ತದೆ ಎಂಬುದು ಅವರ ಉತ್ತರ. ಉತ್ತರದಲ್ಲಿ ಬಲವಿದೆಯೆಂಬುದನ್ನು ಒಪ್ಪಬೇಕು.

ಎರಡು ದೃಷ್ಟಾಂತಗಳಿಂದ ಈ ಭೇದವು ವಿಶದವಾಗುವುದು. ಆಂಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರೂ ಟಾನೆನ್‌ಬಾಮ್ ಅವರು ಪಾಠಕ್ಕೆಂದು ೧೯೮೭ರಲ್ಲಿ ರಚಿಸಿದ ಮಿನಿಕ್ಸ್ ವ್ಯವಸ್ಥೆಯು ೨೦೦೦ದಲ್ಲಿ ಬಿಎಸ್‌ಡಿ ಪರವಾನಗಿಯನ್ನು ಪಡೆಯಿತು. ಇಂಟೆಲ್ ಕಂಪನಿಯು ತನ್ನ ಪ್ರೊಸೆಸರುಗಳೊಡನೆ ಬರುವ ನಿರ್ವಹಣಾ ಭಾಗದಲ್ಲಿ ಅದನ್ನು ಅಳವಡಿಸಿರುವ ಸಂಗತಿ ೨೦೧೭ರಲ್ಲಿ ಬಹಿರಂಗವಾಯಿತು. ಪ್ರಾಧ್ಯಾಪಕರು ಕಂಪನಿಗೆ ಬರೆದ ಬಹಿರಂಗ ಪತ್ರದಲ್ಲಿ, ಪರವಾನಗಿಯಂತೆ ನೀವು ಹೇಳಬೇಕಾದ ಕಟ್ಟುಪಾಡೇನೂ ಇರಲಿಲ್ಲ, ಆದರೂ ಒಂದು ಮಾತು ತಿಳಿಸಿದ್ದರೆ ಸೌಜನ್ಯವಾಗುತ್ತಿತ್ತು ಎಂಬ ಭಾವವನ್ನು ವ್ಯಕ್ತಪಡಿಸಿದರು. ಅತ್ತ, ೨೦೦೩ರಲ್ಲಿ ಲಿಂಕ್‌ಸಿಸ್ ಕಂಪನಿಯ ಮನೆಬಳಕೆಯ ರೌಟರಿನಲ್ಲಿ ಲಿನಕ್ಸ್ ಅಡಗಿರುವುದು ಬೆಳಕಿಗೆ ಬಂದಾಗ, ಜಿಪಿಎಲ್ ಷರತ್ತಿನ ಒತ್ತಾಯದಿಂದ ಅದರ ಸೋರ್ಸ್ ಕೋಡನ್ನು ಹೊರಗಿಡಬೇಕಾಯಿತು. ಆ ಪಾಠವನ್ನು ಆಧಾರವಾಗಿಟ್ಟುಕೊಂಡು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಯೋಜನೆ ೨೦೦೪ರಲ್ಲಿ ಹುಟ್ಟಿ, ಅನೇಕ ಬಗೆಯ ರೌಟರುಗಳಿಗೆ ಹರಡಿತು. ಮೊದಲ ಪರವಾನಗಿಯು ಸೌಜನ್ಯವನ್ನು ಪಡೆದವನ ಇಚ್ಛೆಗೆ ಬಿಟ್ಟಿತು; ಎರಡನೆಯದು ಅದನ್ನು ಕಾನೂನಾಗಿಸಿತು.

೫. ಕಟ್ಟುವ ಕ್ರಮದಲ್ಲಿ ಭೇದ

ಪರವಾನಗಿಯ ಜೊತೆಗೆ, ವ್ಯವಸ್ಥೆಯೆಂದರೆ ಯಾವುದು ಎಂಬ ವಿಷಯದಲ್ಲಿಯೂ ಭಿನ್ನಾಭಿಪ್ರಾಯವುಂಟು. ೧೯೯೩ರಲ್ಲಿ ಆರಂಭವಾದ ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿಗಳಲ್ಲಿ ಕರ್ನೆಲ್ಲನ್ನೂ ಅದರ ಸುತ್ತಲಿನ ಮೂಲ ಉಪಕರಣಗಳನ್ನೂ ಒಂದೇ ತಂಡ, ಒಂದೇ ಭಂಡಾರದಲ್ಲಿಟ್ಟು ಬೆಳೆಸುತ್ತದೆ. ಲಿನಕ್ಸ್ ಎಂಬುದು ವಸ್ತುತಃ ಕರ್ನೆಲ್ ಒಂದೇ. ಅದಕ್ಕೆ ಗ್ನೂ ಮೊದಲಾದೆಡೆಗಳಿಂದ ಬಂದ ಭಾಗಗಳನ್ನು ಜೋಡಿಸಿ ಡೆಬಿಯನ್, ಸ್ಲ್ಯಾಕ್‌ವೇರ್, ಫೆಡೋರಾ, ಉಬುಂಟು ಮೊದಲಾದ ಸಂಕಲನಕಾರರು ಡಿಸ್ಟ್ರಿಬ್ಯೂಷನ್ ಎಂಬ ಸಿದ್ಧ ಕಟ್ಟುಗಳನ್ನು ಮಾಡುತ್ತಾರೆ. ಒಬ್ಬರಿಗೆ ಏಕರೂಪತೆ ಗುಣ, ಇನ್ನೊಬ್ಬರಿಗೆ ವೈವಿಧ್ಯ ಗುಣ. ಇಡೀ ವ್ಯವಸ್ಥೆಗೆ ಕರ್ನೆಲ್ಲಿನ ಹೆಸರನ್ನೇ ಇಟ್ಟುದರಿಂದ ಗ್ನೂ ಪಕ್ಷದವರು ನೊಂದು, ‘ಗ್ನೂ/ಲಿನಕ್ಸ್’ ಎಂದು ಕರೆಯಬೇಕೆಂದು ಬಹುಕಾಲದಿಂದ ವಾದಿಸುತ್ತಿದ್ದಾರೆ. ಸಂಬಳವಿಲ್ಲದೆ ದುಡಿದವರಿಗೆ ಸಲ್ಲಬಹುದಾದ ಏಕೈಕ ಪ್ರತಿಫಲ ಹೆಸರಾದುದರಿಂದ, ಈ ಹಟವನ್ನು ಕೇವಲ ಶಬ್ದಜಗಳವೆನ್ನಲಾಗದು.

೬. ೨೦೦೭ರ ಎರಡು ಪ್ರಸಂಗಗಳು

ಉಭಯ ಪಕ್ಷಗಳ ತತ್ತ್ವಗಳು ಒರೆಗಲ್ಲಿಗೆ ಬಂದುದು ೨೦೦೭ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ, ಓಪನ್‌ಬಿಎಸ್‌ಡಿಯ ಒಬ್ಬ ಕಾರ್ಯಕರ್ತನು ನಿಸ್ತಂತು ಜಾಲದ ಒಂದು ಚಿಪ್ಪಿಗೆ ಡ್ರೈವರ್ ಬರೆಯುತ್ತ, ಲಿನಕ್ಸಿನ ಜಿಪಿಎಲ್ ಡ್ರೈವರಿನ ಕೆಲವು ಭಾಗಗಳನ್ನು ತನ್ನ ಅಪೂರ್ಣ ಕರಡಿನಲ್ಲಿ ಸೇರಿಸಿದ್ದನು. ಆ ಕರಡು ಎಲ್ಲರೂ ನೋಡಬಹುದಾದ ಭಂಡಾರದಲ್ಲಿತ್ತು. ಇದನ್ನು ಕಂಡ ಲಿನಕ್ಸ್ ಡ್ರೈವರಿನ ಕರ್ತೃವು ಬಹಿರಂಗವಾಗಿ ಆಕ್ಷೇಪಿಸಿದನು. ಹಕ್ಕು ಆತನದೇ ಎಂಬುದರಲ್ಲಿ ವಿವಾದವಿರಲಿಲ್ಲ. ಆದರೆ ಖಾಸಗಿಯಾಗಿ ತಿಳಿಸಿ ಸರಿಪಡಿಸಬಹುದಾಗಿದ್ದುದನ್ನು ಬೀದಿಗೆ ತಂದುದು ಅಮಾನವೀಯವೆಂದು ಓಪನ್‌ಬಿಎಸ್‌ಡಿಯ ನಾಯಕ ಥಿಯೊ ಡಿ ರಾಟ್ ವಾದಿಸಿದರು. ಡ್ರೈವರನ್ನು ತೆಗೆದುಹಾಕಲಾಯಿತು.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಪಾತ್ರಗಳು ಅದಲುಬದಲಾದುವು. ಓಪನ್‌ಬಿಎಸ್‌ಡಿಯ ಕಾರ್ಯಕರ್ತನೊಬ್ಬನು ಬಹು ಶ್ರಮದಿಂದ ಬರೆದಿದ್ದ ಮತ್ತೊಂದು ನಿಸ್ತಂತು ಡ್ರೈವರನ್ನು ಲಿನಕ್ಸಿಗೆ ಹೊಂದಿಸುತ್ತಿದ್ದವರಲ್ಲಿ, ಅದರ ಕಡತಗಳಲ್ಲಿದ್ದ ಹಳೆಯ ಷರತ್ತುಗಳನ್ನು ಅಳಿಸಿ ಜಿಪಿಎಲ್ ಸೂಚನೆಯನ್ನು ಇಡುವ ಒಂದು ತಿದ್ದುಪಡಿಯ ಪ್ರಸ್ತಾವ ಬಂದಿತು. ಈ ಸಲ ಆಕ್ಷೇಪವೆತ್ತಿದವರು ಬಿಎಸ್‌ಡಿ ಪಕ್ಷದವರು. ಕರ್ತೃವಿನ ಸೂಚನೆಯನ್ನು ಉಳಿಸಬೇಕೆಂಬುದು ಅವರ ಪರವಾನಗಿಯ ಏಕೈಕ ಕಟ್ಟುನಿಟ್ಟಾದ ಷರತ್ತು. ಅದನ್ನೇ ಅಳಿಸುವುದು ಹೇಗೆ ನ್ಯಾಯ? ಇದಕ್ಕೂ ಮಿಗಿಲಾಗಿ ಅವರನ್ನು ನೋಯಿಸಿದುದು ಇನ್ನೊಂದು ಅಂಶ. ಲಿನಕ್ಸಿನವರು ಜಿಪಿಎಲ್ ಅಡಿಯಲ್ಲಿ ಮಾಡುವ ಸುಧಾರಣೆಗಳನ್ನು ಬಿಎಸ್‌ಡಿಯವರು ತಮ್ಮ ಪರವಾನಗಿಯನ್ನು ಕೆಡಿಸಿಕೊಳ್ಳದೆ ಮರಳಿ ಪಡೆಯಲಾರರು. ಕೊಂಡೊಯ್ದು ಕೊಡದಿರುವ ವ್ಯಾಪಾರಿಗಳನ್ನು ಟೀಕಿಸುವವರೇ ನಮ್ಮಿಂದ ಕೊಂಡೊಯ್ದು ಕೊಡದಿರುವುದು ಯಾವ ನೀತಿ ಎಂಬುದು ಅವರ ಪ್ರಶ್ನೆ. ಕೇವಲ ಕಾನೂನಿನ ದೃಷ್ಟಿಯಿಂದ, ಬಿಎಸ್‌ಡಿ ಪರವಾನಗಿಯೇ ಇದಕ್ಕೆ ಎಡೆಮಾಡಿಕೊಟ್ಟಿದೆಯಲ್ಲವೆ ಎಂದು ಪ್ರತಿಪಕ್ಷದವರು ಕೇಳಿದರು. ಕಾನೂನು ತಜ್ಞರು ಮಧ್ಯೆ ಪ್ರವೇಶಿಸಿದರು. ಕೊನೆಗೆ ಲಿನಕ್ಸಿನೊಳಕ್ಕೆ ಬಂದ ಆ ಕಡತಗಳಲ್ಲಿ ಮೂಲಕರ್ತೃವಿನ ಹೆಸರೂ ಅವನ ಷರತ್ತುಗಳೂ ಉಳಿದುವು.

ಈ ಪ್ರಸಂಗಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಏನನ್ನೂ ಬೇಡೆವೆಂದು ಹೇಳಿದ ಬಿಎಸ್‌ಡಿ ಪಕ್ಷವು ಅಂತರಂಗದಲ್ಲಿ ಕೃತಜ್ಞತೆಯನ್ನೂ ಪರಸ್ಪರತೆಯನ್ನೂ ಬಯಸುತ್ತಿತ್ತು. ಮರಳಿ ಕೊಡುವುದನ್ನು ಕಾನೂನಾಗಿಸಿದ ಜಿಪಿಎಲ್ ಪಕ್ಷವು, ಆ ಕಾನೂನಿನ ಬೇಲಿಯಿಂದಲೇ ನೆರೆಯವನು ಹೊರಗುಳಿಯುವನೆಂಬುದನ್ನು ಎಣಿಸಿರಲಿಲ್ಲ.

೭. ಕವಲೊಡೆಯುವ ಹಕ್ಕು

ಕಲಹವು ಎರಡು ಪಕ್ಷಗಳ ನಡುವೆ ಮಾತ್ರವಲ್ಲ, ಪ್ರತಿಯೊಂದು ಪಕ್ಷದ ಒಳಗೂ ಉಂಟು. ನೆಟ್‌ಬಿಎಸ್‌ಡಿಯ ಸ್ಥಾಪಕರಲ್ಲೊಬ್ಬರಾದ ಡಿ ರಾಟ್ ಅವರನ್ನು ೧೯೯೪ರ ಕೊನೆಯಲ್ಲಿ ಸಹೋದ್ಯೋಗಿಗಳು ಹೊರಹೋಗುವಂತೆ ಕೇಳಿದರು. ಅವರು ೧೯೯೫ರಲ್ಲಿ ಓಪನ್‌ಬಿಎಸ್‌ಡಿಯನ್ನು ಆರಂಭಿಸಿದರು. ಲಿನಕ್ಸ್ ಪಕ್ಷದಲ್ಲಿ ೧೯೯೬ರ ಕೆಡಿಇ ಎಂಬ ಪರದೆಯ ವಿನ್ಯಾಸವು, ಆಗ ಪೂರ್ಣವಾಗಿ ಮುಕ್ತವಲ್ಲದ ಕ್ಯೂಟಿ ಎಂಬ ಸಾಧನವನ್ನು ಅವಲಂಬಿಸಿದ್ದುದರಿಂದ, ಅದಕ್ಕೆ ಪ್ರತಿಯಾಗಿ ೧೯೯೭ರಲ್ಲಿ ಗ್ನೋಮ್ ಹುಟ್ಟಿತು. ೨೦೦೦ದಲ್ಲಿ ಕ್ಯೂಟಿಯು ಜಿಪಿಎಲ್ ಅಡಿಗೆ ಬಂದರೂ ಎರಡು ವಿನ್ಯಾಸಗಳು ಒಂದಾಗಲಿಲ್ಲ. ೨೦೧೦ರಲ್ಲಿ ಬಂದ ಸಿಸ್ಟಮ್‌ಡಿ ಎಂಬ ತಂತ್ರಾಂಶವನ್ನು ಅಂಗೀಕರಿಸಬೇಕೆ ಎಂಬ ವಾದದಲ್ಲಿ ಡೆಬಿಯನ್‌ನ ತಾಂತ್ರಿಕ ಸಮಿತಿಯು ೨೦೧೪ರಲ್ಲಿ ಸಮಭಾಗವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನವಾಯಿತು. ಒಪ್ಪದವರು ಡೆವುವಾನ್ ಎಂಬ ಕವಲನ್ನು ಕಟ್ಟಿಕೊಂಡರು.

ರಾಜ್ಯಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಅಲ್ಪಸಂಖ್ಯಾತರು ಸೋತಾಗ ಬಾಗಬೇಕು ಇಲ್ಲವೆ ಬರಿಗೈಯಲ್ಲಿ ಹೊರಡಬೇಕು. ಇಲ್ಲಿ ಸೋತವನು ಇಡೀ ಆಸ್ತಿಯ ಪ್ರತಿಯನ್ನು ಹೊತ್ತುಕೊಂಡು ಹೊರಡಬಹುದು. ಉಳಿದವರಿಗೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಈ ಹಕ್ಕಿನಿಂದಾಗಿ ಯಾವ ನಾಯಕನೂ ನಿರಂಕುಶನಾಗಲಾರನು. ಆದರೆ ಪಾಠವನ್ನು ಪ್ರತಿಮಾಡಿದಂತೆ ಮನುಷ್ಯರನ್ನು ಪ್ರತಿಮಾಡಲಾಗದು. ಹತ್ತು ಮಂದಿ ನೋಡಿಕೊಳ್ಳುತ್ತಿದ್ದ ಕೆಲಸ ಎರಡು ಕವಲಾದರೆ ಒಂದೊಂದಕ್ಕೆ ಐದೇ ಮಂದಿ. ಕಟುವಾದ ಮಾತಿನಿಂದ ಹೊಸಬರು ದೂರ ಸರಿದರೆ ಆ ಐವರೂ ಉಳಿಯರು. ಟೊರ್ವಾಲ್ಡ್ಸ್ ಅವರು ೨೦೦೮ರಲ್ಲಿ ಓಪನ್‌ಬಿಎಸ್‌ಡಿಯವರನ್ನು ಕುರಿತು ಆಡಿದ ಅಸಭ್ಯವಾದ ಮಾತು ಕುಪ್ರಸಿದ್ಧವಾಯಿತು. ೨೦೧೮ರಲ್ಲಿ ಅವರು ತಮ್ಮ ಇಂತಹ ನಡತೆಗೆ ಸಾಮಾನ್ಯವಾಗಿ ಕ್ಷಮೆಯನ್ನು ಕೇಳಿ ಕೆಲಕಾಲ ಕಾರ್ಯದಿಂದ ದೂರವಿದ್ದರು. ಕರ್ನೆಲ್ ಕಾರ್ಯಕರ್ತರಿಗೆ ನಡತೆಯ ನಿಯಮಾವಳಿಯೂ ಆಗಲೇ ಬಂದಿತು.

೮. ಕೊಡುಕೊಳ್ಳುವಿಕೆ

ಅಭಿಮಾನಿಗಳು ಎಷ್ಟೇ ವಾದಿಸಲಿ, ಪಾಠಗಳು ಬೇಲಿಯನ್ನು ದಾಟುತ್ತಲೇ ಇವೆ. ದೂರದ ಗಣಕದೊಡನೆ ಸುರಕ್ಷಿತವಾಗಿ ವ್ಯವಹರಿಸಲು ಓಪನ್‌ಬಿಎಸ್‌ಡಿಯವರು ೧೯೯೯ರಲ್ಲಿ ಹೊರತಂದ ಓಪನ್‌ಎಸ್‌ಎಸ್‌ಎಚ್, ಲಿನಕ್ಸ್ ಸರ್ವರುಗಳಲ್ಲಿ ನಿತ್ಯದ ಸಾಧನವಾಗಿದೆ. ಆಂಡ್ರಾಯ್ಡ್ ದೂರವಾಣಿಯ ತಿರುಳು ಲಿನಕ್ಸ್; ಅದರ ‘ಬಯೋನಿಕ್’ ಎಂಬ ಮೂಲ ಗ್ರಂಥಾಲಯದಲ್ಲಿ ಬಿಎಸ್‌ಡಿಗಳಿಂದ ಬಂದ ಪಾಠ ಹೇರಳವಾಗಿದೆ. ಸೋನಿಯ ಪ್ಲೇಸ್ಟೇಷನ್ ೪ ಎಂಬ ಆಟದ ಯಂತ್ರವು ಫ್ರೀಬಿಎಸ್‌ಡಿಯ ಮಾರ್ಪಾಡಿನ ಮೇಲೆ ನಿಂತಿದೆ; ಜಗತ್ತಿನ ಅತಿವೇಗದ ಐನೂರು ಗಣಕಗಳ ಪಟ್ಟಿಯಲ್ಲಿ ೨೦೧೭ರ ನವೆಂಬರಿನ ವೇಳೆಗೆ ಎಲ್ಲವೂ ಲಿನಕ್ಸಿನ ವಶವಾಗಿದ್ದುವು. ನಮಗೆ ಸಂಬಂಧಿಸಿದ ಒಂದು ಉದಾಹರಣೆಯೂ ಇದೆ. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವು ಬಿಎಸ್‌ಡಿಯನ್ನು ಹೋಲುವ ಉದಾರ ಪರವಾನಗಿಯದು. ಗ್ನೋಮ್, ಆಂಡ್ರಾಯ್ಡ್, ಫೈರ್‌ಫಾಕ್ಸ್‌ಗಳಲ್ಲಿ ಕನ್ನಡವನ್ನು ಓದುವವರು, ಅವರು ಯಾವ ಪಕ್ಷದವರೇ ಆಗಿರಲಿ, ಅದರ ಸಹಾಯದಿಂದಲೇ ಓದುತ್ತಿದ್ದಾರೆ.

೯. ಉಪಸಂಹಾರ

ಈ ಪ್ರತಿಸ್ಪರ್ಧೆಯಿಂದ ಲಾಭವೋ ನಷ್ಟವೋ ಎಂದು ಕೇಳಿದರೆ ಎರಡೂ ಉಂಟೆನ್ನಬೇಕು. ಪರ್ಯಾಯವೊಂದು ಎದುರಿಗೆ ಇರುವುದರಿಂದ ಪ್ರತಿಯೊಬ್ಬರೂ ತಮ್ಮ ಕೃತಿಯನ್ನು ಉತ್ತಮಪಡಿಸಿದ್ದಾರೆ. ಆದರೆ ಅಭಿಮಾನಿಗಳ ದೃಷ್ಟಿಯೆಲ್ಲ ಧ್ವಜಗಳ ಮೇಲೆ ನೆಟ್ಟಿದ್ದಾಗ, ಅಪಾಯವು ಯಾರೂ ನೋಡದ ಮೂಲೆಯಿಂದ ಬಂದಿತು. ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಸಂಕೋಚಿಸುವ ಒಂದು ಚಿಕ್ಕ ತಂತ್ರಾಂಶ. ಅದನ್ನು ಬಹುಕಾಲ ನೋಡಿಕೊಂಡಿದ್ದವನು ಹೆಚ್ಚುಕಡಿಮೆ ಒಬ್ಬನೇ ಸ್ವಯಂಸೇವಕ. ಸಹಾಯಕನಂತೆ ಬಂದು ಎರಡು ವರ್ಷಗಳಿಗೂ ಹೆಚ್ಚು ಕಾಲ ವಿಶ್ವಾಸ ಗಳಿಸಿದ ಒಬ್ಬ ಅಜ್ಞಾತನು ಅದರಲ್ಲಿ ಗುಪ್ತದ್ವಾರವನ್ನು ನೆಟ್ಟಿದ್ದುದು ೨೦೨೪ರ ಮಾರ್ಚಿಯಲ್ಲಿ ಬಯಲಾಯಿತು. ಕೆಲವು ಲಿನಕ್ಸ್ ಡಿಸ್ಟ್ರಿಬ್ಯೂಷನ್ನುಗಳು ಓಪನ್‌ಎಸ್‌ಎಸ್‌ಎಚ್‌ಗೆ ಮಾಡಿಕೊಂಡಿದ್ದ ಒಂದು ಸೇರ್ಪಡೆಯ ಮಾರ್ಗವಾಗಿ ಗಣಕಗಳೊಳಕ್ಕೆ ನುಗ್ಗುವುದು ಅವನ ಉದ್ದೇಶವಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಲಾಗಿನ್ ಆಗುವಾಗ ಉಂಟಾದ ಅಲ್ಪ ವಿಳಂಬದ ಕಾರಣವನ್ನು ಹುಡುಕಿಕೊಂಡು ಹೋಗಿ ಇದನ್ನು ಕಂಡುಹಿಡಿದರು. ಬಿಎಸ್‌ಡಿ ಪರವಾನಗಿಯಾಗಲಿ ಜಿಪಿಎಲ್ ಆಗಲಿ ಆ ಸ್ವಯಂಸೇವಕನಿಗೆ ಒಬ್ಬ ನಿಜವಾದ ಜೊತೆಗಾರನನ್ನು ಒದಗಿಸಿರಲಿಲ್ಲ.

ಆದುದರಿಂದ ಮೊದಲ ಪ್ರಶ್ನೆಗೆ, ಪಡೆದವನು ಕೊಟ್ಟವನಿಗೆ ಸಲ್ಲಿಸಬೇಕಾದುದೇನು ಎಂಬುದಕ್ಕೆ, ಪರವಾನಗಿಗಳು ಅರ್ಧ ಉತ್ತರವನ್ನು ಮಾತ್ರ ಕೊಡಬಲ್ಲುವು. ಒಂದು ಹೆಸರನ್ನು ಉಳಿಸೆನ್ನುತ್ತದೆ. ಇನ್ನೊಂದು ಪಾಠವನ್ನೂ ಮರಳಿಸೆನ್ನುತ್ತದೆ. ಓದಿ ನೋಡುವ, ದೋಷವನ್ನು ವಿನಯದಿಂದ ತಿಳಿಸುವ, ಸಾಧ್ಯವಾದರೆ ಭಾರಕ್ಕೆ ಹೆಗಲು ಕೊಡುವ ಕರ್ತವ್ಯವನ್ನು ಯಾವ ಪರವಾನಗಿಯೂ ವಿಧಿಸಲಾರದು. ನಮ್ಮ ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವವರು ವಿದ್ಯಾರ್ಥಿಗಳಿಂದ ಎರಡು ಪರವಾನಗಿಗಳನ್ನೂ ಪೂರ್ತಿಯಾಗಿ ಓದಿಸಿ, ಎರಡು ವ್ಯವಸ್ಥೆಗಳನ್ನೂ ಪ್ರಯೋಗಶಾಲೆಯಲ್ಲಿ ನಡೆಸಿ ನೋಡುವಂತೆ ಮಾಡುವುದು ಉಚಿತ. ತಾವು ಬಳಸುವ ಒಂದು ಚಿಕ್ಕ ತಂತ್ರಾಂಶವನ್ನು ನೋಡಿಕೊಳ್ಳುತ್ತಿರುವವರು ಯಾರು, ಎಷ್ಟು ಮಂದಿ ಎಂಬುದನ್ನು ಹುಡುಕಿ ತಿಳಿಯುವುದು ಅದರ ಮುಂದಿನ ಪಾಠವಾಗಬೇಕು.